ತಾಯಂದಿರ ಪ್ರಾಣ ಕಾಯ್ದ ಸೆಮ್ಮೆಲ್‌ವೈಸ್

ಹೆರಿಗೆಗೆಂದು ಆಸ್ಪತ್ರೆ ಸೇರಿದ ಮಹಿಳೆ ಸುರಕ್ಷಿತವಾಗಿ ಮನೆಗೆ ಮರಳುವುದು ಇಂದು ಆಕೆಯ ಹಕ್ಕು. 19ನೇ ಶತಮಾನದ ಯುರೋಪಿನಲ್ಲಿ ಅದು ಕೇವಲ ಅದೃಷ್ಟದ ಸಂಗತಿಯಾಗಿತ್ತು. ಆ ಸ್ಥಿತಿಯನ್ನು ಬದಲಿಸಲು ಹೋರಾಡಿ, ಬದುಕಿರುವಾಗ ಮನ್ನಣೆ ಕಾಣದೆ ಹೋದವರು ಹಂಗೆರಿಯ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್.

ಇಂದಿನ ಬುಡಾಪೆಸ್ಟ್‌ನ ಭಾಗವಾಗಿರುವ ಬುಡಾದಲ್ಲಿ 1818ರ ಜುಲೈ 1ರಂದು ದಿನಸಿ ವ್ಯಾಪಾರಿಯ ಮಗನಾಗಿ ಜನಿಸಿದ ಅವರು, ಕಾನೂನು ಓದಲು ವಿಯೆನ್ನಾಕ್ಕೆ ತೆರಳಿ ವೈದ್ಯಶಾಸ್ತ್ರದತ್ತ ಹೊರಳಿದರು. 1846ರಲ್ಲಿ ವಿಯೆನ್ನಾ ಜನರಲ್ ಆಸ್ಪತ್ರೆಯ ಮೊದಲನೇ ಹೆರಿಗೆ ವಿಭಾಗದಲ್ಲಿ ಪ್ರಾಧ್ಯಾಪಕ ಯೋಹಾನ್ ಕ್ಲೈನ್ ಅವರ ಸಹಾಯಕರಾಗಿ ನೇಮಕಗೊಂಡರು.

ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಬಡ ಹಾಗೂ ಅವಿವಾಹಿತ ತಾಯಂದಿರು. ಹೆರಿಗೆ ಉಚಿತ, ಪ್ರತಿಯಾಗಿ ಅವರು ಕಲಿಯುವವರ ಪರೀಕ್ಷೆಗೆ ಒಳಗಾಗಬೇಕಿತ್ತು. ಮೊದಲನೇ ವಿಭಾಗದಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದರು. ಯಾರು ಯಾವ ವಿಭಾಗಕ್ಕೆ ಎಂಬುದನ್ನು ದಾಖಲಾಗುವ ದಿನವೇ ನಿರ್ಧರಿಸುತ್ತಿತ್ತು. ಗರ್ಭಿಣಿಗೆ ಆಯ್ಕೆ ಇರಲಿಲ್ಲ.

1841ರಿಂದ 1846ರ ಅವಧಿಯಲ್ಲಿ ಮೊದಲನೇ ವಿಭಾಗದಲ್ಲಿ ಶೇ 10ರಷ್ಟು ತಾಯಂದಿರು ಮೃತಪಟ್ಟರೆ, ಎರಡನೆಯದರಲ್ಲಿ ಆ ಪ್ರಮಾಣ ಶೇ 4ಕ್ಕಿಂತ ಕಡಿಮೆಯಿತ್ತು. ಬಾಣಂತಿ ಜ್ವರವೇ ಮುಖ್ಯ ಕಾರಣ. ಈ ವ್ಯತ್ಯಾಸ ಊರಿನ ಮಹಿಳೆಯರಿಗೆ ತಿಳಿದಿತ್ತು. ಮೊದಲನೇ ವಿಭಾಗಕ್ಕೆ ಕಳುಹಿಸಬೇಡಿರೆಂದು ಅವರು ಮೊಣಕಾಲೂರಿ ಬೇಡುತ್ತಿದ್ದರು. ದಾರಿಯಲ್ಲೇ ಹೆತ್ತು ಬಂದವರಿಗೆ ಜ್ವರ ತಗಲುವುದು ವಿರಳವಾಗಿತ್ತು. ಆದರೆ ಬಹುತೇಕ ವೈದ್ಯರು ಕೆಟ್ಟ ಗಾಳಿ, ಜನದಟ್ಟಣೆ, ತಾಯಂದಿರ ಭಯ ಮುಂತಾದವುಗಳತ್ತ ಬೊಟ್ಟು ಮಾಡುತ್ತಿದ್ದರು.

1847ರಲ್ಲಿ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಗುಲಿ ಅವರ ಸ್ನೇಹಿತ, ವೈದ್ಯ ಯಾಕೋಬ್ ಕೊಲೆಚ್ಕಾ ಅಸುನೀಗಿದರು. ಆ ದೇಹದಲ್ಲಿ ಕಂಡ ಲಕ್ಷಣಗಳು ಬಾಣಂತಿಯರ ದೇಹದಲ್ಲಿ ಕಂಡವುಗಳನ್ನೇ ಹೋಲುತ್ತಿದ್ದವು. ಶವಾಗಾರದಿಂದ ನೇರವಾಗಿ ಹೆರಿಗೆ ಕೋಣೆಗೆ ಬರುವ ವೈದ್ಯರ ಕೈಗಳೇ ಸಾವನ್ನು ಹೊತ್ತು ತರುತ್ತಿವೆ ಎಂಬ ಸತ್ಯ ಸೆಮ್ಮೆಲ್‌ವೈಸ್ ಅವರಿಗೆ ಹೊಳೆಯಿತು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ.

ಗರ್ಭಿಣಿಯರನ್ನು ಪರೀಕ್ಷಿಸುವ ಮುನ್ನ ಬ್ಲೀಚಿಂಗ್ ಪುಡಿಯ ದ್ರಾವಣದಲ್ಲಿ ಕೈ ತೊಳೆಯುವುದನ್ನು ಆ ವರ್ಷದ ಮೇ ತಿಂಗಳಲ್ಲಿ ಅವರು ಕಡ್ಡಾಯಗೊಳಿಸಿದರು. ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ಸಾವಿನ ಪ್ರಮಾಣ ಜುಲೈನಲ್ಲಿ ಶೇ 1ರ ಆಸುಪಾಸಿಗೆ ಇಳಿಯಿತು. 1848ರ ಎರಡು ತಿಂಗಳಲ್ಲಂತೂ ಒಂದು ಸಾವೂ ಸಂಭವಿಸಲಿಲ್ಲ. ತಮ್ಮ ಕೈಗಳಿಂದಲೂ ಅನೇಕ ತಾಯಂದಿರು ಬಲಿಯಾಗಿದ್ದಾರೆ ಎಂಬುದನ್ನು ಅವರು ಬಹಿರಂಗವಾಗಿ ಒಪ್ಪಿಕೊಂಡರು.

ಆದರೆ ತಾವೇ ಸಾವಿಗೆ ಕಾರಣರೆಂಬ ಮಾತನ್ನು ಒಪ್ಪಲು ಹಿರಿಯ ವೈದ್ಯರಲ್ಲಿ ಅನೇಕರು ಸಿದ್ಧರಿರಲಿಲ್ಲ. 1849ರಲ್ಲಿ ಅವರ ಹುದ್ದೆ ನವೀಕರಣಗೊಳ್ಳಲಿಲ್ಲ. ಮರುವರ್ಷ ಪೆಸ್ಟ್‌ಗೆ ಮರಳಿದ ಅವರು ಅಲ್ಲಿನ ಸೇಂಟ್ ರೋಕಸ್ ಆಸ್ಪತ್ರೆಯಲ್ಲೂ ಕೈ ತೊಳೆಯುವ ನಿಯಮ ಜಾರಿಗೆ ತಂದರು. ಸುಮಾರು ಆರು ವರ್ಷಗಳ 933 ಹೆರಿಗೆಗಳಲ್ಲಿ ಬಾಣಂತಿ ಜ್ವರಕ್ಕೆ ಬಲಿಯಾದವರು 8 ಮಂದಿ ಮಾತ್ರ.

ಸಂಶೋಧನೆಯನ್ನು ಗ್ರಂಥರೂಪಕ್ಕೆ ತರಲು ಅವರು 1861ರವರೆಗೆ ತಡಮಾಡಿದ್ದು ಹಾಗೂ ವಿರೋಧಿಗಳನ್ನು ಕಟುವಾಗಿ ನಿಂದಿಸಿ ಬಹಿರಂಗ ಪತ್ರ ಬರೆದದ್ದು ಅವರ ಪಕ್ಷವನ್ನು ದುರ್ಬಲಗೊಳಿಸಿದವು. ಮಾನಸಿಕ ಸ್ಥಿತಿ ಹದಗೆಟ್ಟಾಗ, 1865ರಲ್ಲಿ ಅವರನ್ನು ವಿಯೆನ್ನಾದ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಲಾಯಿತು. ಎರಡೇ ವಾರಗಳಲ್ಲಿ, ಆಗಸ್ಟ್ 13ರಂದು, ಗಾಯದ ನಂಜೇರಿ ಅವರು ನಿಧನರಾದರು. ಆಗ ಅವರ ವಯಸ್ಸು 47.

1879ರಲ್ಲಿ ಲೂಯಿ ಪಾಶ್ಚರ್ ಬಾಣಂತಿ ಜ್ವರದ ರೋಗಾಣುವನ್ನು ತೋರಿಸಿಕೊಟ್ಟರು. 1969ರಲ್ಲಿ ಬುಡಾಪೆಸ್ಟ್‌ನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೆಮ್ಮೆಲ್‌ವೈಸ್ ಹೆಸರಿಡಲಾಯಿತು. ಆದರೆ ಮೊದಲನೇ ವಿಭಾಗ ಅಪಾಯಕಾರಿ ಎಂಬುದನ್ನು ಎಲ್ಲರಿಗಿಂತ ಮೊದಲು ಅರಿತಿದ್ದವರು ಅದರ ಬಾಗಿಲಲ್ಲಿ ಬೇಡುತ್ತಿದ್ದ ಹೆಸರಿಲ್ಲದ ಗರ್ಭಿಣಿಯರು. ರೋಗಿಯ ಮಾತಿಗೆ ಕಿವಿಗೊಡುವುದೂ ಚಿಕಿತ್ಸೆಯ ಭಾಗ ಎಂಬುದನ್ನು ಈ ವೈದ್ಯನ ಬದುಕು ನೆನಪಿಸುತ್ತದೆ.