ಗಾಳಿಯ ನೀರನ್ನು ಅಳೆದವನು

ಆಟಿ ತಿಂಗಳಿನಲ್ಲಿ ಕಾಪುವಿನ ಕಡಲ ತಡಿಯ ಮನೆಗಳಲ್ಲಿ ಹಪ್ಪಳ ಮೆತ್ತಗಾಗುತ್ತದೆ, ಉಪ್ಪು ನೀರೊಡೆಯುತ್ತದೆ, ಪುಸ್ತಕದ ಹಾಳೆಗಳು ಉಬ್ಬುತ್ತವೆ. ಉಡುಪಿ, ಕಾರ್ಕಳಗಳವರಿಗೂ ಇದು ಹೊಸತಲ್ಲ. ಗಾಳಿಯಲ್ಲಿ ಅಡಗಿರುವ ನೀರಿನ ಆಟವಿದು. ಆ ನೀರನ್ನು ಅಳೆದು, ಬೇಕಾದಷ್ಟನ್ನೇ ಉಳಿಸಿ ಮಿಕ್ಕುದನ್ನು ತೆಗೆಯುವ ನಿಖರವಾದ ಬಗೆಯನ್ನು ರೂಪಿಸಿದವನು ಅಮೆರಿಕದ ವಿಲ್ಲಿಸ್ ಕ್ಯಾರಿಯರ್.

ಕ್ಯಾರಿಯರ್ ಹುಟ್ಟಿದುದು 1876ರ ನವೆಂಬರ್ 26ರಂದು, ನ್ಯೂಯಾರ್ಕ್ ರಾಜ್ಯದ ಅಂಗೋಲ ಎಂಬ ಊರಿನ ಒಕ್ಕಲು ಮನೆತನದಲ್ಲಿ. ಬಾಲಕನಿಗೆ ಭಿನ್ನರಾಶಿ ತಲೆಗೆ ಹತ್ತದಾದಾಗ ತಾಯಿ ಸೇಬುಗಳನ್ನು ತರಿಸಿ, ಅರ್ಧ, ಕಾಲು, ಅರೆಕಾಲುಗಳಾಗಿ ಕೊಯ್ಯಿಸಿ, ಅವುಗಳಿಂದಲೇ ಕೂಡಿ ಕಳೆಯುವುದನ್ನು ಕಲಿಸಿದಳು. ಅವನು ಹನ್ನೊಂದರ ಹುಡುಗನಾಗಿದ್ದಾಗ ಆ ತಾಯಿ ತೀರಿಕೊಂಡಳು. ಕಠಿನವಾದುದನ್ನು ತುಂಡುಮಾಡಿ ನೋಡುವ ಅಭ್ಯಾಸ ಮಾತ್ರ ಮಗನಲ್ಲಿ ಉಳಿಯಿತು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅವನು ಪದವಿ ಪಡೆದುದು 1901ರಲ್ಲಿ. ಕಾಪುವಿನ ದೀಪಸ್ತಂಭ ಎದ್ದುನಿಂತುದೂ ಅದೇ ವರ್ಷ. ಬಳಿಕ ಬಫಲೋ ನಗರದ ಕಾರ್ಖಾನೆಯೊಂದರಲ್ಲಿ ವಾರಕ್ಕೆ ಹತ್ತು ಡಾಲರಿನ ಕೆಲಸಕ್ಕೆ ಸೇರಿದನು.

ಮರುವರ್ಷವೇ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದ ಸಂಕಟ ಅವನ ಮುಂದೆ ಬಂದಿತು. ಒಂದೇ ಹಾಳೆಯ ಮೇಲೆ ಒಂದಾದ ಮೇಲೊಂದು ಬಣ್ಣವನ್ನು ಅಚ್ಚೊತ್ತಬೇಕು; ತೇವದ ದಿನ ಹಾಳೆ ಹಿಗ್ಗಿ, ಎರಡನೆಯ ಬಣ್ಣ ಮೊದಲನೆಯದರ ಮೇಲೆ ಕೂರುತ್ತಿರಲಿಲ್ಲ. ತೇವವನ್ನು ಹೀರುವ ಲವಣವನ್ನು ಬಳಸಿ ನೋಡಿದನು. ಆದರೆ ಲವಣದ ಕಣಗಳು ಗಾಳಿಗೆ ಸೇರಿ ಯಂತ್ರಗಳಿಗೆ ತುಕ್ಕು ಹಿಡಿಸಬಲ್ಲವೆಂದು ಅದನ್ನು ಬಿಟ್ಟನು. ಹವಾಮಾನ ಇಲಾಖೆಯ ಕೋಷ್ಟಕಗಳಲ್ಲಿ ಅವನಿಗೆ ದಾರಿ ದೊರೆಯಿತು. 30 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲುದು. 13 ಡಿಗ್ರಿಯಲ್ಲಿ ಸುಮಾರು 11 ಗ್ರಾಂ ಮಾತ್ರ. ತಂಪಾದ ಕೊಳವೆಗಳನ್ನು ಹಾಯ್ದ ಗಾಳಿ ಹೆಚ್ಚಿನ ನೀರನ್ನು ಹನಿಗಳಾಗಿ ಕಳಚಿಬಿಡುತ್ತದೆ. 55 ಪ್ರತಿಶತ ಆರ್ದ್ರತೆಯನ್ನು ಗುರಿಯಾಗಿರಿಸಿಕೊಂಡ ಅವನ ನಕ್ಷೆಗಳು 1902ರ ಜುಲೈ 17ರಂದು ಸಿದ್ಧವಾದವು.

ಅದೇ ವರ್ಷದ ಕೊನೆಯಲ್ಲಿ, ಪಿಟ್ಸ್‌ಬರ್ಗಿನ ರೈಲು ನಿಲ್ದಾಣದಲ್ಲಿ ಮಂಜು ಮುಸುಕಿದ್ದಾಗ, ಅವನಿಗೊಂದು ವಿಚಿತ್ರವಾದ ಯೋಚನೆ ಹೊಳೆಯಿತು. ತಣ್ಣೀರಿನ ತುಂತುರಿನಲ್ಲಿ ಗಾಳಿಯನ್ನು ಹಾಯಿಸಿದರೆ ಅದರ ತೇವ ಆ ನೀರಿನ ತಂಪಿಗೆ ತಕ್ಕಷ್ಟೇ ಉಳಿಯಬೇಕು. ನೀರನ್ನು ಚಿಮುಕಿಸಿ ಗಾಳಿಯನ್ನು ಒಣಗಿಸುವುದೆಂದರೆ ಯಾರಾದರೂ ನಕ್ಕಾರು! ಆದರೆ 1906ರಲ್ಲಿ ಆ ಯಂತ್ರಕ್ಕೆ ಪೇಟೆಂಟ್ ದೊರೆಯಿತು.

1911ರಲ್ಲಿ ಅವನು ಮಾಡಿದ ಕೆಲಸ ಇದಕ್ಕಿಂತ ದೊಡ್ಡದು. ಗಾಳಿಯ ಉಷ್ಣ, ತೇವಗಳ ಸಂಬಂಧವನ್ನು ಸೂತ್ರಗಳಲ್ಲಿ ಹಿಡಿದಿರಿಸಿ, ಗುಟ್ಟುಮಾಡದೆ, ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ಮುಂದೆ ಮಂಡಿಸಿದನು. ಒಣ ಉಷ್ಣಮಾಪಕ ಮತ್ತು ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕ, ಇವೆರಡರ ಅಂಕಗಳು ತಿಳಿದರೆ ಸಾಕು. ಗಾಳಿಯಲ್ಲಿರುವ ನೀರೆಷ್ಟೆಂಬುದು ಲೆಕ್ಕಕ್ಕೆ ಸಿಗುತ್ತದೆ. ಮಣಿಪಾಲದಲ್ಲಿ ಇಂದು ಒಂದು ಕೋಣೆಯನ್ನು ತಂಪುಗೊಳಿಸಬೇಕಾದವನು ಗೋಡೆ, ಕಿಟಕಿ, ದೀಪ, ಜನ ಇವುಗಳ ಶಾಖವನ್ನು ಕೂಡಿಸಿದರೆ ಸಾಲದು. ಒಂದು ಗ್ರಾಂ ನೀರಾವಿ ಹನಿಯಾಗುವಾಗ ಸುಮಾರು 580 ಕ್ಯಾಲೊರಿ ಗುಪ್ತೋಷ್ಣವನ್ನು ಹೊರಬಿಡುತ್ತದೆ. ಕರಾವಳಿಯಲ್ಲಿ ಈ ಕಾಣದ ಹೊರೆಯನ್ನು ಮರೆತು ಯಂತ್ರವನ್ನು ಆರಿಸಿದರೆ ಕೋಣೆ ತಣ್ಣಗಾದರೂ ಜಿಗುಟು ಹೋಗದು.

ಮಹಾಯುದ್ಧ ಬಂದಾಗ ಕಾರ್ಖಾನೆ ಈ ವಿಭಾಗವನ್ನು ಮುಚ್ಚಲು ಹೊರಟಿತು. 1915ರಲ್ಲಿ ಕ್ಯಾರಿಯರ್ ಆರು ಮಂದಿ ಸಂಗಡಿಗರೊಡನೆ ಸ್ವಂತ ಸಂಸ್ಥೆಯನ್ನು ಕಟ್ಟಿದನು. 1925ರ ಬೇಸಗೆಯ ಮೊದಲಿಗೆ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರಕ್ಕೆ ಜನ ಬೀಸಣಿಗೆ ಹಿಡಿದೇ ಬಂದರು. ಯಂತ್ರ ತಡವಾಗಿ ಹೊರಟಿತು. ಸುಮಾರು ಎರಡು ಸಾವಿರ ಮಂದಿಯ ಮೈಶಾಖ, ಉಸಿರಿನ ತೇವಗಳನ್ನೆಲ್ಲ ಮೊದಲೇ ಲೆಕ್ಕಹಾಕಿದ್ದ ಕ್ಯಾರಿಯರ್ ಹಿಂದೆ ನಿಂತು ಕಾದನು. ಒಬ್ಬರ ಬಳಿಕ ಒಬ್ಬರ ಬೀಸಣಿಗೆ ಮಡಿಲಿಗೆ ಇಳಿಯಿತು.

1950ರ ಅಕ್ಟೋಬರ್ 7ರಂದು ಅವನು ಕಾಲವಾದನು.