ಊರಿನ ಹೆಸರು ಬಿಡದ ಗುಬ್ಬಿ ವೀರಣ್ಣ

ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಗೆ ವೀರಣ್ಣನವರು ಬಾಲನಟರಾಗಿ ಸೇರಿದರು; 1917ರಲ್ಲಿ ಅದರ ಒಡೆಯರಾದರು. ಆಮೇಲೆ ಬದುಕೆಲ್ಲ ಕ್ಯಾಂಪಿನಿಂದ ಕ್ಯಾಂಪಿಗೆ. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ರಾಜ್‌ಕುಮಾರ್, ಜಿ.ವಿ. ಅಯ್ಯರ್, ತಿಪಟೂರಿನ ನರಸಿಂಹರಾಜು ಈ ಕಂಪನಿಯಲ್ಲಿ ಪಳಗಿದವರೇ. ಡೇರೆ ಹಾಕಿದ ಕಡೆಯಲ್ಲೆಲ್ಲ ಗುಬ್ಬಿಯ ಹೆಸರೂ ಜನರ ಬಾಯಿಗೆ ಬಂತು. ಪದ್ಮಶ್ರೀ ಸಂದ 1972ರಲ್ಲೇ ಅವರು ತೀರಿಕೊಂಡರು.

ಈಚೆಗೆ ಸಂಸಾರ ಸಮೇತ ತುಮಕೂರಿಗೆ ಮರಳಿದೆ. ನಾನು ಆಡಿದ ಬೀದಿಗಳು ಗುರುತೇ ಸಿಗದಷ್ಟು ಬದಲಾಗಿವೆ. ಮಗಳಿಗೆ ಊರು ತೋರಿಸುವಾಗ ಗುಬ್ಬಿ ವೀರಣ್ಣ ಕಲಾಕ್ಷೇತ್ರದ ಮುಂದೆ ನಿಂತು ಇಷ್ಟು ಕಥೆ ಹೇಳಿದೆ. ಶಾಲೆಯ ಕಿರಿಯರೇ, ನೀವು ನಾಳೆ ಎಲ್ಲಿಗೇ ಹೋದರೂ ಊರಿನ ಹೆಸರನ್ನು ಜೊತೆಯಲ್ಲಿ ಒಯ್ಯಿರಿ.