ಗಡಿಯಾರ ತಯಾರಕರಿಗಾಗಿ ಕಾದ ಸುಲ್ತಾನ

ಬೋಳೂರಿನ ನದೀತೀರದಲ್ಲಿರುವ ಸುಲ್ತಾನ್ ಬತ್ತೇರಿಯನ್ನು ಕಂಡವರಿಗೆ ಟಿಪ್ಪು ಸುಲ್ತಾನನ ಯುದ್ಧಗಳು ನೆನಪಾಗುವುದು ಸಹಜ. ಅದೇ ಟಿಪ್ಪು ಗಡಿಯಾರ ತಯಾರಕರಿಗಾಗಿ ದೂರದೇಶದ ಇಬ್ಬರು ಅರಸರ ಆಸ್ಥಾನಗಳಿಗೆ ರಾಯಭಾರಿಗಳನ್ನು ಕಳುಹಿಸಿದ್ದನೆಂಬ ಸಂಗತಿ ಅಷ್ಟಾಗಿ ಪ್ರಚಾರ ಪಡೆದಿಲ್ಲ.

ಸುಮಾರು 1750ರಲ್ಲಿ ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು, 1782ರ ಡಿಸೆಂಬರ್‌ನಲ್ಲಿ ತಂದೆ ಹೈದರಾಲಿ ತೀರಿಕೊಂಡಾಗ ಯುದ್ಧದ ನಡುವೆಯೇ ಅಧಿಕಾರ ವಹಿಸಿಕೊಂಡ. 1784ರ ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದದೊಂದಿಗೆ ಆ ಯುದ್ಧ ಮುಗಿಯಿತು. ಆಂಗ್ಲರ ಬಲ ಸೈನ್ಯದಲ್ಲಿ ಮಾತ್ರವಲ್ಲ, ಕೈಗಾರಿಕೆ, ವ್ಯಾಪಾರ ಹಾಗೂ ಹಡಗುಗಳಲ್ಲಿಯೂ ಇದೆಯೆಂಬುದನ್ನು ಆತ ಗ್ರಹಿಸಿದ್ದ. ಗಡಿಯಾರ ಅಂದು ಕೇವಲ ಅಲಂಕಾರದ ವಸ್ತುವಾಗಿರಲಿಲ್ಲ. ನಡುಗಡಲಿನಲ್ಲಿ ರೇಖಾಂಶ ತಿಳಿಯಲು ನಿಖರವಾದ ಗಡಿಯಾರ ಬೇಕಾಗಿತ್ತು. ಸೂಕ್ಷ್ಮ ಯಂತ್ರವಿದ್ಯೆಯ ಮೊದಲ ಪಾಠಶಾಲೆಯೂ ಅದೇ ಆಗಿತ್ತು.

1786ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟ ನಿಯೋಗ ಬಂದೂಕು, ಗಾಜು, ಪಿಂಗಾಣಿಯ ಕುಶಲಕರ್ಮಿಗಳೊಂದಿಗೆ ಗಡಿಯಾರ ತಯಾರಕರನ್ನೂ ಕೇಳಿತು. 1787ರಲ್ಲಿ ಪುದುಚೇರಿಯಿಂದ ಫ್ರಾನ್ಸಿಗೆ ಹಡಗೇರಿದ ಮೂವರು ರಾಯಭಾರಿಗಳ ಪಟ್ಟಿಯಲ್ಲಿಯೂ ಅವರಿದ್ದರು. 1788ರ ಆಗಸ್ಟ್‌ನಲ್ಲಿ ಹದಿನಾರನೇ ಲೂಯಿ ವರ್ಸೇಲ್ಸ್ ಅರಮನೆಯಲ್ಲಿ ನಿಯೋಗವನ್ನು ಬರಮಾಡಿಕೊಂಡ. ಬೊಕ್ಕಸ ಬರಿದಾಗಿದ್ದ ಆ ದೊರೆ ಸೈನಿಕ ಮೈತ್ರಿಗೆ ಒಪ್ಪಲಿಲ್ಲ. ಕೆಲವು ಕುಶಲಕರ್ಮಿಗಳೊಂದಿಗೆ ರಾಯಭಾರಿಗಳು ಹಿಂದಿರುಗಿದ 1789ರಲ್ಲೇ ಫ್ರಾನ್ಸಿನಲ್ಲಿ ಕ್ರಾಂತಿ ಸ್ಫೋಟಿಸಿತು.

ಲೂಯಿಯ ಪತ್ನಿ ಮಹಾರಾಣಿ ಮೇರಿ ಆಂಟೊನೆಟ್‌ಳೂ ಆಗ ಒಂದು ಗಡಿಯಾರದ ನಿರೀಕ್ಷೆಯಲ್ಲಿದ್ದಳೆಂಬುದು ಇತಿಹಾಸದ ವೈಚಿತ್ರ್ಯ. ಆಕೆಗಾಗಿ ಪ್ಯಾರಿಸ್ಸಿನ ಅಬ್ರಹಾಂ ಲೂಯಿ ಬ್ರೆಗೆಯ ಕಾರ್ಯಾಗಾರಕ್ಕೆ 1783ರಲ್ಲಿ ಬೇಡಿಕೆ ಸಲ್ಲಿಕೆಯಾಗಿತ್ತು. ಹಣಕ್ಕಾಗಲಿ ಕಾಲಕ್ಕಾಗಲಿ ಮಿತಿ ಇರಲಿಲ್ಲ. 1793ರಲ್ಲಿ ಮಹಾರಾಣಿಯ ಶಿರಚ್ಛೇದವಾಯಿತು. 1823ರಲ್ಲಿ ಬ್ರೆಗೆಯೂ ತೀರಿಕೊಂಡ. ಗಡಿಯಾರ ಪೂರ್ಣಗೊಂಡದ್ದು 1827ರಲ್ಲಿ. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಬೇಡಿಕೆ ಎಷ್ಟೇ ಏರಿದರೂ ಕುಶಲತೆಯ ಪೂರೈಕೆ ಕೂಡಲೇ ಏರುವುದಿಲ್ಲ.

ಟಿಪ್ಪು ಕೇಳಿದ್ದು ಗಡಿಯಾರವನ್ನಲ್ಲ, ಅದನ್ನು ಮಾಡಬಲ್ಲವರನ್ನು. ಇದರಲ್ಲಿ ದೂರದೃಷ್ಟಿಯಿತ್ತು. ಆದರೆ 1784ರಲ್ಲಿ ಕೆನರಾದ ಸಾವಿರಾರು ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದವನೂ ಆತನೇ. ಆ ನೋವನ್ನು ನಮ್ಮ ಜಿಲ್ಲೆಯ ಅನೇಕ ಕುಟುಂಬಗಳು ಇಂದಿಗೂ ಮರೆತಿಲ್ಲ. ಜನರನ್ನು ಆಜ್ಞೆಯಿಂದ ಸಾಗಿಸಬಹುದು. ಕಸುಬು ಬೇರೂರಲು ಮಾತ್ರ ಶಾಂತಿ, ಭದ್ರತೆ, ವಿಶ್ವಾಸ ಬೇಕು. ಇವು ಮೂರೂ ಟಿಪ್ಪುವಿನ ಆಳ್ವಿಕೆಯಲ್ಲಿ ದುರ್ಲಭವಾಗಿದ್ದವು.

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಆತ ಅರ್ಧ ರಾಜ್ಯವನ್ನು ಕಳೆದುಕೊಂಡ. 3 ಕೋಟಿ 30 ಲಕ್ಷ ರೂಪಾಯಿ ದಂಡ ತೆರಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಆ ಬಳಿಕವೂ ಮಂಗಳೂರಿನಲ್ಲಿ ಹಡಗು ಕಟ್ಟಿಸುವ ಯೋಜನೆಯನ್ನು ಕೈಬಿಡಲಿಲ್ಲ. 1799ರ ಮೇ 4ರಂದು ಕೋಟೆಯ ಕಾಳಗದಲ್ಲಿ ಮಡಿದ.

1961ರಲ್ಲಿ ಎಚ್‌ಎಂಟಿ ಸಂಸ್ಥೆ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿತು. ಟಿಪ್ಪು ಮಡಿದು ಆಗ 162 ವರ್ಷಗಳಾಗಿದ್ದವು. ವಿದೇಶಿ ತಂತ್ರಜ್ಞಾನವನ್ನು ಒಪ್ಪಂದಗಳ ಮೂಲಕ ತರಿಸಿಕೊಳ್ಳಲು ಇಂದು ಸರಕಾರಗಳು ಪೈಪೋಟಿ ನಡೆಸುತ್ತಿವೆ. ಅದು ಇಲ್ಲಿ ಬೇರೂರಲು ಬೇಕಾದ ಕಾಲವನ್ನೂ ವಾತಾವರಣವನ್ನೂ ಒದಗಿಸುವ ಹೊಣೆ ನಮ್ಮದೇ ಎಂಬುದನ್ನು ಸುಲ್ತಾನನ ಈ ನಿರೀಕ್ಷೆ ನೆನಪಿಸುತ್ತದೆ.